ಎರಡನೇ ಸಾಲಿಗೆ ಸಹಿ ಹಾಕದವರು

ಮೇಷ್ಟ್ರ ಸಂತಾಪ ಸಭೆಯಲ್ಲಿ ನಮ್ಮ ಪ್ರಿನ್ಸಿಪಾಲರು ಅವರನ್ನು ಅಜಾತಶತ್ರು ಎಂದು ಕರೆದರು. ಆಡಳಿತ ಮಂಡಳಿಯ ಹಳೆಯ ಅಧ್ಯಕ್ಷರು ಮೈಕು ಹಿಡಿದು, ‘ಬಹಳ ಮೃದು. ಯಾರ ಮಾತಿಗೂ ಎದುರಾಡಿದವರಲ್ಲ’ ಎಂದರು. ನಾನು ಕಡೆಯ ಸಾಲಿನಲ್ಲಿ ಕೂತಿದ್ದೆ. ಎರಡು ನಿಮಿಷದ ಮೌನಕ್ಕೆ ಎಲ್ಲರ ಜೊತೆ ಎದ್ದು ನಿಂತೆ. ತಲೆ ಬಗ್ಗಿಸಿಕೊಂಡು ನಾನು ನೆನೆಸುತ್ತಿದ್ದದ್ದು ಆ ಮೇಷ್ಟ್ರಿಗೆ ನನ್ನ ಕೈಯಾರೆ ಟೈಪ್ ಮಾಡಿಕೊಟ್ಟಿದ್ದ ಮೂರು ಮೆಮೊಗಳನ್ನು. ಮೂರಕ್ಕೂ ಸಹಿ ಹಾಕಿದ್ದವರು ಇದೇ ಪ್ರಿನ್ಸಿಪಾಲರು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಸರಿ. ಆದರೆ ಎದುರಾಡಿದ್ದೇ ಅವರ ಒಳ್ಳೆಯತನವಾಗಿತ್ತಲ್ಲ! ಅದನ್ನು ಅಳಿಸಿ ಫೋಟೋಗೆ ಹಾರ ಹಾಕಿದರೆ ಆ ಹಾರ ಬೇರೆ ಯಾರಿಗೋ ಬಿದ್ದ ಹಾಗೆ. ಅದಕ್ಕೇ ನನಗೆ ಗೊತ್ತಿರುವಷ್ಟನ್ನು ಬರೆದಿಡುತ್ತಿದ್ದೇನೆ.

ನಾನು ಆ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಕಾಲೇಜಿನ ಹೆಸರು ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕಡೆಯ ಬಸ್ಸುಗಳಿಂದ ಹುಡುಗರು ಇಳಿಯುವ ಕಾಲೇಜು ಅಂದರೆ ಸಾಕು. ಆಫೀಸಿನ ಕಿಟಕಿ ಗೇಟಿನ ಎದುರಿಗೇ ಇರುವುದರಿಂದ ಒಂಬತ್ತೂವರೆಯ ಹೊತ್ತಿಗೆ ಅವರೆಲ್ಲ ಇಳಿಯುವುದು ನನಗೆ ಕಾಣುತ್ತದೆ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾಮನಾಥಪುರದ ಕಡೆಯ ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಬರುತ್ತಾರೆ, ಬಟ್ಟೆಯಲ್ಲೆಲ್ಲ ಬ್ಯಾರನ್ನಿನ, ಎಂದರೆ ಸೊಪ್ಪು ಬೇಯಿಸುವ ಗೂಡಿನ, ಕಮಟು. ಟೌನಿನ ಬುರ್ಖಾದ ಹುಡುಗಿಯರು ಗೇಟಿನೊಳಗೆ ಬಂದೊಡನೆ ಮೊಬೈಲನ್ನೇ ಕನ್ನಡಿ ಮಾಡಿಕೊಂಡು ಸ್ಕಾರ್ಫ್ ಸರಿಪಡಿಸಿಕೊಳ್ಳುತ್ತಾರೆ. ನುಗ್ಗೇಹಳ್ಳಿ ಕಡೆಯ ಹುಡುಗರಿದ್ದಾರೆ, ಹಾಸ್ಟೆಲ್ಲಿನವರಿದ್ದಾರೆ, ಕುತ್ತಿಗೆಯಲ್ಲಿ ಶಿಲುಬೆ ಇರುವವರು, ಸಂಜೆ ಆರರ ಮೇಲೆ ಏನೂ ತಿನ್ನದ ಜೈನರ ಹುಡುಗಿಯರು ಎಲ್ಲ ಇದ್ದಾರೆ. ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬಂದವರು ಕ್ಲಾಸಿಗೆ ಕಾಲಿಟ್ಟ ಕೂಡಲೇ ತಮ್ಮ ತಮ್ಮ ಬೆಂಚು ಹುಡುಕಿಕೊಂಡು ಹೋಗಿಬಿಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ಮೂರು ವರ್ಷ ಆ ಬೆಂಚು ಬದಲಾಗುವುದಿಲ್ಲ.

ಮೇಷ್ಟ್ರಿಗೆ ಅದೇ ಆಗುತ್ತಿರಲಿಲ್ಲ.

ಅವರು ಸಮಾಜಶಾಸ್ತ್ರದ ಮೇಷ್ಟ್ರು. ಕುಳ್ಳಗೆ, ಗಟ್ಟಿಯಾಗಿ, ಯಾವಾಗಲೂ ಅರ್ಧ ತೋಳಿನ ಷರಟು. ಉಳಿದ ಸೀಮೆಸುಣ್ಣದ ತುಂಡುಗಳನ್ನೆಲ್ಲ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ. ಜೇಬಿನ ಬುಡ ಸದಾ ಬೆಳ್ಳಗಿರುತ್ತಿತ್ತು. ದನಿ ಎಷ್ಟು ದೊಡ್ಡದೆಂದರೆ ಮೇಲಿನ ಮಹಡಿಯ ಅವರ ಪಾಠ ಆಫೀಸಿನಲ್ಲಿ ಕೂತ ನನಗೂ ಕೇಳುತ್ತಿತ್ತು. ಕ್ಲಾಸಿನಲ್ಲಿ ಯಾರಾದರೂ ‘ನಮ್ಮೋರಲ್ಲಿ ಹಂಗಿಲ್ಲ ಸಾ’ ಅಂದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ‘ನಮ್ಮೋರು ಅಂದ್ರೆ ಯಾರ್ಯಾರು? ಒಬ್ಬೊಬ್ಬರದೇ ಹೆಸರು ಹೇಳು. ಬೋರ್ಡ್ ಮೇಲೆ ಬರೀತೀನಿ’ ಎಂದು ಸೀಮೆಸುಣ್ಣ ಹಿಡಿದು ತಿರುಗಿ ನಿಂತುಬಿಡುತ್ತಿದ್ದರು. ಹುಡುಗ ಅಪ್ಪನ ಹೆಸರು, ದೊಡ್ಡಪ್ಪನ ಹೆಸರು ಹೇಳಿ, ಆಮೇಲೆ ತಡವರಿಸಿ ಸುಮ್ಮನಾಗುವವರೆಗೂ ಕ್ಲಾಸಿನ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಅವರ ಇನ್ನೊಂದು ಮಾತು ಕಾಲೇಜಿಗೆಲ್ಲ ಗೊತ್ತಿತ್ತು. ಯಾರ ಮನೆಯ ಯಾವ ಪದ್ಧತಿಯ ಸುದ್ದಿ ಬಂದು ಯಾರು ಮೂಗು ಮುರಿದರೂ ಕೇಳುತ್ತಿದ್ದರು: ‘ತಪ್ಪಾ, ಇಲ್ಲಾ ನಿಂಗೆ ಹೊಸದಾ?’ ಹುಡುಗರು ಕ್ಯಾಂಟೀನಿನಲ್ಲಿ ಚಿತ್ರಾನ್ನಕ್ಕೆ ಬೆಲ್ಲ ಹಾಕಿದ್ದರೂ ಅವರ ದನಿಯಲ್ಲೇ ಅಣಕಿಸುತ್ತಿದ್ದರು: ‘ತಪ್ಪೇನ್ಲಾ, ಇಲ್ಲಾ ನಿಂಗೆ ಹೊಸದಾ?’

ಜಗಳಕ್ಕೆ ಮೂಲವಾದದ್ದು ಅವರ ಇಂಟರ್ನಲ್ ಮಾರ್ಕ್ಸಿನ ಒಂದು ಪದ್ಧತಿ. ಕುಟುಂಬ, ನಂಟಸ್ತನ ಎಂದು ಪಾಠದಲ್ಲಿ ಒಂದು ಭಾಗವಿದೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಜೋಡಿಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ಹೀಗೆ ಒಂದು ಮನೆಯ ನಾಲ್ಕು ತಲೆಮಾರಿನ ಪಟ ಬರೆಯಬೇಕು. ಎಲ್ಲ ಕಡೆ ಹುಡುಗರು ಅವರವರ ಮನೆಯದನ್ನು ಬರೆಯುತ್ತಾರೆ. ಇವರೂ ಮೊದಮೊದಲು ಹಾಗೇ ಬರೆಸಿದ್ದರಂತೆ. ಎಲ್ಲರೂ ಬಸ್ಸಿನಲ್ಲಿ ಕೂತು ಒಬ್ಬರದನ್ನೊಬ್ಬರು ನೋಡಿ ಗೀಚಿ ತಂದುಕೊಟ್ಟರಂತೆ. ‘ನಮ್ಮನೇಲಿ ಏನಿದೆ ಅಂತ ನಾವ್ಯಾಕೆ ಕೇಳ್ತೀವಿ ಅಮ್ಮಾ? ಗೊತ್ತಿದೆ ಅನ್ಕೊಂಡಿರ್ತೀವಿ’ ಎಂದು ನನಗೆ ಹೇಳಿದ್ದರು. ಅಲ್ಲಿಂದ ಮುಂದೆ ಬೇರೆಯವರ ಮನೆಯ ಪಟ. ಯಾರು ಯಾರ ಮನೆಗೆ ಎಂದು ಅವರೇ ಜೋಡಿ ಮಾಡಿ ಪಟ್ಟಿ ಬರೆಯುತ್ತಿದ್ದರು. ಒಂದೇ ಬೆಂಚಿನವರು ಜೋಡಿಯಾಗುತ್ತಿರಲಿಲ್ಲ. ಹುಡುಗಿಯರ ಮನೆಗೆ ಹುಡುಗಿಯರೇ. ಮನೆಯವರನ್ನು ಒಂದು ಮಾತು ಕೇಳಿ, ಒಪ್ಪಿದರೆ ಮಾತ್ರ.

ಪಟದ ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಇರಬೇಕು. ಅದರಲ್ಲಿ ಆ ಮನೆಯಲ್ಲಿ ಏನು ಕೊಟ್ಟರು, ಎಲ್ಲಿ ಕೂತಿರಿ, ತಗೊಂಡಿರಾ ಇಲ್ಲವಾ ಎಂದು ಬರೆಯಬೇಕು. ಅದಕ್ಕೆ ಐದು ಮಾರ್ಕು. ‘ತಿನ್ನಲೇಬೇಕು ಅಂತ ನಾನೇನ್ ಹೇಳಲ್ಲ. ನಿಜ ಬರೀರಿ. ಸುಳ್ಳು ಬರೆದ್ರೆ ಸೊನ್ನೆ’ ಅನ್ನುತ್ತಿದ್ದರು. ಮಾರ್ಕು ಕಂಪ್ಯೂಟರಿಗೆ ಏರಿಸುವವಳು ನಾನಾದ್ದರಿಂದ ಆ ಪಟಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ನಾನು ಮೊದಲು ನೋಡುತ್ತಿದ್ದದ್ದು ಆ ಚೌಕವನ್ನೇ.

ರಾಮನಾಥಪುರದ ಕಡೆಯ ಒಬ್ಬ ದೊಡ್ಡ ಹೊಲಮನೆಯ ಹುಡುಗನನ್ನು ನುಗ್ಗೇಹಳ್ಳಿ ಹೋಬಳಿಯ ಕಾಲೋನಿಯ ಒಂದು ಮನೆಗೆ ಹಾಕಿದ್ದರು. ಅವನು ತಂದ ಪಟದಲ್ಲಿ ಗಂಡಸರ ಹೆಸರೆಲ್ಲ ಸರಿಯಾಗಿತ್ತು, ಅಜ್ಜಿಯರ ವೃತ್ತಗಳೆಲ್ಲ ಖಾಲಿ. ಮೇಷ್ಟ್ರು ಅದನ್ನು ನನ್ನ ಮುಂದೆಯೇ ಅವನಿಗೆ ಹಿಂದಕ್ಕೆ ಕೊಟ್ಟರು.

‘ಬೀದೀಲಿ ನಿಂತ್ಕಂಡು ಬರ್ದಿದ್ದೀಯ ಕಣಪ್ಪ.’

‘ಇಲ್ಲಾ ಸಾ, ಜಗಲಿ ಮ್ಯಾಲ್ ಕೂತಿದ್ದೆ.’

‘ಅಡುಗೆಮನೇಲಿ ಇರೋರ ಹೆಸರು ಜಗಲಿಗೆ ಕೇಳ್ಸಲ್ಲ. ಇನ್ನೊಂದ್ಸಲ ಹೋಗು. ಒಳಕ್ಕೋಗು.’

ಅವನ ಚೌಕದಲ್ಲಿ ಬರೆದಿತ್ತು: ‘ಕಾಫಿ ಕೊಟ್ಟರು. ಕುಡಿಯಲಿಲ್ಲ. ನಮ್ಮವ್ವ ಬಯ್ಯುತ್ತೆ.’ ಅದಕ್ಕೆ ಐದಕ್ಕೆ ಐದು ಹಾಕಿದ್ದರು. ಎರಡನೇ ಸಲ ಹೋಗಿ ಬಂದು ತಂದ ಪಟದಲ್ಲಿ ಮೂರು ಅಜ್ಜಿಯರ ಹೆಸರಿತ್ತು. ಚೌಕದಲ್ಲಿ: ‘ಕುಡಿದೆ. ಸಕ್ಕರೆ ಜಾಸ್ತಿ.’

ಇದೆಲ್ಲ ಎಲ್ಲರಿಗೂ ಹಿಡಿಸುತ್ತಿತ್ತು ಎಂದೇನಲ್ಲ. ಸ್ಟಾಫ್ ರೂಮಿನಲ್ಲಿ ‘ಇವರಿಗ್ಯಾಕೆ ಊರ ಉಸಾಬರಿ’ ಎನ್ನುವವರಿದ್ದರು. ಜಗಲಿಯ ಮೇಲೆ ಕೂತವನನ್ನು ಒಳಗೆ ಕಳಿಸಿದ್ದಕ್ಕೇ ಮೊದಲ ಮೆಮೊ ಬಂದದ್ದು. ಎರಡನೆಯದು ಆ ಮೆಮೊಗೆ ಉತ್ತರ ಕೊಡದಿದ್ದಕ್ಕೆ. ಮೂರನೆಯದರ ಕಥೆ ದೊಡ್ಡದು.

ಅದು ಅವರು ನಿವೃತ್ತರಾಗುವ ವರ್ಷ. ಕಡೆಯ ವರ್ಷದ ಡಿಗ್ರಿ ಕ್ಲಾಸಿನಲ್ಲಿ ರಕ್ಷಿತಾ, ನಗ್ಮಾ ಎಂದು ಇಬ್ಬರು ಹುಡುಗಿಯರಿದ್ದರು. ರಕ್ಷಿತಾಳದ್ದು ಹೊಗೆಸೊಪ್ಪು ಬೆಳೆಯುವ ಮನೆ. ನಗ್ಮಾಳ ಚಿಕ್ಕಪ್ಪನದು ಅರಕಲಗೂಡಿನಲ್ಲಿ ವೆಲ್ಡಿಂಗ್ ಅಂಗಡಿ. ತಂದೆ ಇಲ್ಲ, ಚಿಕ್ಕಪ್ಪನೇ ಸಾಕಿದ್ದು. ಪಟ್ಟಿಯಲ್ಲಿ ಇಬ್ಬರೂ ಜೋಡಿಯಾದರು. ಎರಡು ಮನೆಯವರೂ ಒಪ್ಪಿದರು. ಇಬ್ಬರೂ ಹೋಗಿ ಬಂದು ಪಟ ಬರೆದು, ಕ್ಲಾಸಿನಲ್ಲಿ ಬೋರ್ಡಿಗೆ ಸಿಕ್ಕಿಸಿ ವಿವರಿಸುವ ದಿನ ನಾನು ಪರೀಕ್ಷೆಯ ಸುತ್ತೋಲೆ ಓದಿ ಹೇಳಲು ಆ ಕ್ಲಾಸಿಗೆ ಹೋಗಿದ್ದೆ. ಒಳಗೆ ಗಲಾಟೆ ನಡೆಯುತ್ತಿತ್ತು, ಬಾಗಿಲಲ್ಲೇ ನಿಂತೆ.

‘ಸಾ, ಇವ್ಳ ಅಜ್ಜಿ ಮದ್ವೆ ಆಗಿರೋದು ಸ್ವಂತ ಮಾಮೂನ್ನ ಸಾ!’ ನಗ್ಮಾ ಬೋರ್ಡಿನ ಹತ್ತಿರ ನಿಂತು ಒಂದು ಜೋಡಿಗೆರೆಗೆ ಬೆರಳಿಟ್ಟಿದ್ದಳು. ‘ಅವರಮ್ಮನ ಸ್ವಂತ ತಮ್ಮನ್ನ. ನಾನು ತಪ್ಪು ಬರ್ಕೊಂಡಿದ್ದೀನಿ ಅಂತ ಮೂರು ಸಲ ಕೇಳ್ದೆ ಸಾ. ನಮ್ಮಲ್ಲಿ ಹರಾಮ್ ಅದು. ಮಾಮು ಅಂದ್ರೆ ಅಪ್ಪ ಇದ್ದಂಗೆ.’

ರಕ್ಷಿತಾ ಬೆಂಚಿನಿಂದ ಧಡ್ಡನೆ ಎದ್ದಳು. ‘ಲೇ, ಅಷ್ಟು ಮಾತಾಡ್ತೀಯಲ್ಲ, ನಿಮ್ಮ ಪಟದಲ್ಲಿ ಏನೈತೆ ಹೇಳು. ಸಾ, ಇವ್ರ ಅಕ್ಕನ್ನ ದೊಡ್ಡಪ್ಪನ ಮಗನಿಗೆ ಕೊಟ್ಟವ್ರೆ ಸಾ! ಅಣ್ಣ ಅಲ್ವಾ ಅವ್ನು? ಒಂದೇ ಮನೇಲಿ ಅಣ್ಣಾ ಅಂತ ಕರ್ಕಂಡು ಬೆಳ್ದು... ಥೂ!’

‘ಅಣ್ಣ ಹೆಂಗಾಗ್ತಾನೆ? ಕಸಿನ್ ಅವ್ನು.’

‘ಸೋದರಮಾವ ಅಪ್ಪ ಹೆಂಗಾಗ್ತಾನೆ? ಅವ್ವನ ತಮ್ಮ!’

ಕ್ಲಾಸು ಎರಡು ಪಾಲಾಗಿ ಕೂಗತೊಡಗಿತು. ಹಾಸನದ ಕಡೆಯ ಕ್ರಿಶ್ಚಿಯನ್ ಹುಡುಗನೊಬ್ಬ ಕೈಯೆತ್ತಿ, ‘ಸಾ, ನಮ್ಮಲ್ಲಿ ಎರಡಕ್ಕೂ ಬಿಷಪ್ರತ್ರ ಕಾಗದ ತರ್ಬೇಕು’ ಎಂದ. ಅವನ ಮಾತಿಗೆ ಎರಡೂ ಪಾಲಿನವರು ಒಟ್ಟಾಗಿ ನಕ್ಕರು. ಮೇಷ್ಟ್ರ ಮುಖ ನೋಡಬೇಕಿತ್ತು. ಎರಡು ಕೈಯನ್ನೂ ಉಜ್ಜಿಕೊಳ್ಳುತ್ತಾ ಮೂವತ್ತು ವರ್ಷ ಇದಕ್ಕೇ ಕಾದಿದ್ದವರ ಹಾಗೆ ಹಿಗ್ಗುತ್ತಿದ್ದರು.

‘ತಪ್ಪಾ, ಇಲ್ಲಾ ಹೊಸದಾ?’ ಎಂದು ಇಬ್ಬರನ್ನೂ ಕೇಳಿದರು.

‘ತಪ್ಪು!’ ಎಂದರು ಇಬ್ಬರೂ, ಒಂದೇ ಉಸಿರಿಗೆ.

ಆಗಲೇ ಅವರ ಕಣ್ಣು ಬಾಗಿಲಲ್ಲಿದ್ದ ನನ್ನ ಮೇಲೆ ಬಿತ್ತು. ‘ಅಮ್ಮಾ, ಬನ್ನಿ ಒಳಗೆ. ಬೇಜಾರಿಲ್ದಿದ್ರೆ ಹೇಳಿ, ನಿಮ್ಮ ಯಜಮಾನ್ರು ಮದುವೆಗೆ ಮುಂಚೆ ನಿಮಗೆ ಏನಾಗ್ಬೇಕಿತ್ತು?’

‘ಸೋದರಮಾವ ಸಾರ್. ನಮ್ಮಮ್ಮನ ಕಡೇ ತಮ್ಮ’ ಎಂದೆ.

ನಗ್ಮಾ ಬಾಯಿ ಮುಚ್ಚಿಕೊಂಡಳು. ‘ಅಯ್ಯೋ ಸಾರಿ ಮೇಡಂ, ನಾನು ನಿಮ್ಗೆ ಅಂದಿದ್ದಲ್ಲ.’

‘ಸಾರಿ ಯಾಕಮ್ಮ. ಮಾವ ಮಾವ ಅಂತ ಅವರ ಹೆಗಲ ಮೇಲೆ ಕೂತು ಜಾತ್ರೆ ನೋಡ್ದೋಳು ನಾನು. ಮದುವೆ ಅಂದಾಗ ನನಗೂ ಒಂದು ಥರಾ ಆಗಿತ್ತು’ ಎಂದೆ. ಹುಡುಗರು ಕೈ ತಟ್ಟಿ ನಕ್ಕರು. ನಗ್ಮಾಳೂ ನಕ್ಕಳು. ರಕ್ಷಿತಾ ಮಾತ್ರ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ಅವಳಿಗೂ ಮನೆಯಲ್ಲಿ ಸೋದರಮಾವನ ಮಾತು ನಡೆಯುತ್ತಿತ್ತೆಂದು ಅಂದು ನನಗೆ ಗೊತ್ತಿರಲಿಲ್ಲ.

ಮೇಷ್ಟ್ರು ಆ ಎರಡು ಪಟಗಳನ್ನೂ ಅಕ್ಕಪಕ್ಕ ಇಟ್ಟು ಪಾಠ ಮಾಡಿದರು. ಯಾರನ್ನು ಅಣ್ಣ ಅನ್ನಬೇಕು, ಯಾರನ್ನು ಮದುವೆಗೆ ಆಗುವವನು ಅನ್ನಬೇಕು ಎಂದು ಪ್ರತಿಯೊಂದು ಮನೆಯೂ ಒಂದು ಗೆರೆ ಎಳೆದುಕೊಂಡಿದೆ. ಗೆರೆ ಇಲ್ಲದ ಮನೆ ಒಂದೂ ಇಲ್ಲ. ಎಲ್ಲಿ ಎಳೆದಿದ್ದಾರೆ ಅನ್ನುವುದಷ್ಟೇ ಬೇರೆ ಎಂದರು. ಹತ್ತಿರದ ನೆಂಟಸ್ತನದಲ್ಲಿ ಮದುವೆಯಾದರೆ ಮಕ್ಕಳ ಆರೋಗ್ಯದ ಬಗ್ಗೆ ಡಾಕ್ಟರು ಏನನ್ನುತ್ತಾರೆ ಎಂಬುದನ್ನೂ ಇಬ್ಬರಿಗೂ ಸೇರಿಸಿಯೇ ಹೇಳಿದರು. ಕೆಳಗೆ ಬಂದು ಸುತ್ತೋಲೆಗೆ ಅಂಟಿಕೊಂಡಿದ್ದ ಸೀಮೆಸುಣ್ಣದ ಪುಡಿಯನ್ನು ಒರೆಸುತ್ತಾ ನಾನು ಯೋಚಿಸಿದೆ: ನನ್ನ ಮದುವೆಯಾಗಿ ಇಷ್ಟು ವರ್ಷಕ್ಕೆ ಇದೇ ಮೊದಲ ಸಲ ಯಾರೋ ಅದನ್ನು ಪಾಠದ ಹಾಗೆ ನೋಡಿದರು. ನನಗೇನೂ ಅವಮಾನವಾಗಿರಲಿಲ್ಲ.

ಮುಂದಿನ ವಾರ ಅರ್ಜಿಗಳು ಬಂದವು. ಒಂದಲ್ಲ, ಎರಡು. ಮೊದಲನೆಯದು ರಕ್ಷಿತಾಳನ್ನು ಮದುವೆಯಾಗಬೇಕಿದ್ದ ಆ ಸೋದರಮಾವನದು. ಕಾಲೇಜಿನ ಮೇಷ್ಟ್ರು ಅನ್ಯಮತದ ಹುಡುಗಿಯನ್ನು ನಮ್ಮ ಮನೆಗೆ ಕಳಿಸಿ ನಮ್ಮ ಹಿರಿಯರ ಪದ್ಧತಿ ಪಾಪವೆಂದು ನಮ್ಮ ಹುಡುಗಿಯ ತಲೆ ಕೆಡಿಸಿದ್ದಾರೆ, ಈಗ ಅವಳು ಮದುವೆ ಬೇಡವೆನ್ನುತ್ತಿದ್ದಾಳೆ ಎಂದು. ಎರಡು ದಿನದ ಮೇಲೆ ನಗ್ಮಾಳ ಚಿಕ್ಕಪ್ಪನದು ಬಂತು. ಕಾಲೇಜಿನ ಮೇಷ್ಟ್ರು ಹಿಂದೂ ಹುಡುಗಿಯನ್ನು ನಮ್ಮ ಮನೆಗೆ ಕಳಿಸಿ, ನಮ್ಮ ಮದುವೆಗಳನ್ನು ಕ್ಲಾಸಿನಲ್ಲಿ ಥೂ ಎನ್ನುವಂತೆ ಮಾಡಿದ್ದಾರೆ ಎಂದು. ಎರಡಕ್ಕೂ ನಾನೇ ಮೊಹರು ಒತ್ತಿ ನಂಬರು ಹಾಕಿದೆ. ಒಬ್ಬರ ಪ್ರಕಾರ ಅವರು ಆ ಕಡೆಯವರು, ಇನ್ನೊಬ್ಬರ ಪ್ರಕಾರ ಈ ಕಡೆಯವರು. ಮೇಷ್ಟ್ರಿಗೆ ತೋರಿಸಿದರೆ ಎರಡನ್ನೂ ಓದಿ, ‘ನೋಡಿ ಅಮ್ಮಾ, ಇಬ್ರೂ ಒಂದೇ ಉತ್ತರ ಬರ್ದವ್ರೆ. ಒಂದೇ ಫೈಲಿಗೆ ಹಾಕಿ’ ಎಂದರು. ಆ ಭಾನುವಾರವೇ ಬಸ್ಸು ಹತ್ತಿ ಎರಡೂ ಮನೆಗೆ ಹೋಗಿ ಬಂದರು. ಏನು ಮಾತಾಡಿದರೋ, ನನಗೆ ಹೇಳಲಿಲ್ಲ.

ಅರ್ಜಿ ವಾಪಸ್ಸು ಆಗಲಿಲ್ಲ. ಪ್ರಿನ್ಸಿಪಾಲರು ನನ್ನನ್ನು ಕರೆದು ಒಂದು ಕಾಗದ ಹೇಳಿ ಬರೆಸಿದರು. ಎರಡೇ ಸಾಲು. ನನ್ನ ಬೋಧನೆಯಿಂದ ಯಾರ ಭಾವನೆಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ, ಇದು ಮೊದಲನೆಯದು. ಇನ್ನು ಮುಂದೆ ವಿದ್ಯಾರ್ಥಿಗಳು ಅವರವರ ಮನೆಯ ಪಟವನ್ನೇ ಬರೆಯತಕ್ಕದ್ದು, ಬೇರೆಯವರ ಮನೆಗೆ ಕಳಿಸುವುದನ್ನು ಕೈಬಿಟ್ಟಿದ್ದೇನೆ, ಇದು ಎರಡನೆಯದು. ಕೆಳಗೆ ಅವರ ಸಹಿಗೆ ಜಾಗ. ಅವರ ಸರ್ವೀಸು ಇನ್ನು ಐದು ವಾರವಿತ್ತು. ಸಹಿಯಾದರೆ ‘ಇವರ ಮೇಲೆ ವಿಚಾರಣೆ ಬಾಕಿ ಇಲ್ಲ’ ಎಂಬ ಪತ್ರ ಸಿಗುತ್ತದೆ. ಆ ಪತ್ರ ಇಲ್ಲದೆ ಪಿಂಚಣಿಯ ಕಡತ ನಮ್ಮ ಆಫೀಸು ಬಿಟ್ಟು ಕದಲುವುದಿಲ್ಲ. ವಿಚಾರಣೆಗೆ ಬರಬೇಕೆಂದು ಅವರಿಗೆ ಮೂರನೆಯ ಮೆಮೊ ಹೋಯಿತು.

ಅಂದು ಅರ್ಜಿದಾರರಿಬ್ಬರೂ ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ರಕ್ಷಿತಾಳ ಮಾವ ಈ ತುದಿ, ನಗ್ಮಾಳ ಚಿಕ್ಕಪ್ಪ ಆ ತುದಿ. ಅಧ್ಯಕ್ಷರ ಕಾರು ಬರುವುದು ತಡವಾಯಿತು. ಸುಮ್ಮನೆ ಕೂತು ಕೂತು ಮಾವ ತಲೆಯೆತ್ತಿ ನೋಡಿದರು.

‘ನೀವು ಬ್ಯಾರನ್ ಪೈಪ್ ಮಾಡೋ ಸಾಬ್ರಲ್ವಾ?’

‘ಊಂ. ನಿಮ್ದು ಯಾವೂರು? ಓ, ಹೋದೊರ್ಸ ನಾನೇ ಬಂದು ಕೂರಿಸ್ಕೊಟ್ನಲ್ಲ.’

‘ಏನ್ ಕೂರ್ಸುದ್ರಿ? ಒಂದೇ ಒರ್ಸಕ್ಕೆ ಮೂಲೇಲಿ ಹೊಗೆ ಕಾರ್ತಾ ಐತೆ.’

‘ನೀವು ಒಳ್ಳೇ ತಗಡು ತಂದ್ಕೊಟ್ಟಿದ್ರೆ ಯಾಕ್ ಕಾರ್ತಿತ್ತು ಗೌಡ್ರೇ? ಬನ್ನಿ ಮುಂದಿನ ವಾರ, ಪಟ್ಟಿ ಹೊಡ್ಕೊಡ್ತೀನಿ.’

ಅವರ ನಡುವಿನ ಬೆಂಚು ಸ್ವಲ್ಪ ಸ್ವಲ್ಪವೇ ಕಿರಿದಾಯಿತು. ನನಗೆ ಆಸೆ ಹುಟ್ಟಿತು. ಆದರೆ ಒಳಗೆ ಕರೆದಾಗ ಇಬ್ಬರೂ ತಮ್ಮ ತಮ್ಮ ಅರ್ಜಿಯಲ್ಲಿದ್ದದ್ದನ್ನೇ ಒಂದಕ್ಷರ ಬಿಡದೆ ಹೇಳಿದರು. ಪೈಪು ಬೇರೆ, ಇದು ಬೇರೆ.

ಸಭೆಯಲ್ಲಿ ಅಧ್ಯಕ್ಷರು, ಪ್ರಿನ್ಸಿಪಾಲರು, ಇವರಿಬ್ಬರು, ಮೇಷ್ಟ್ರು. ನಡಾವಳಿ ಬರೆದುಕೊಳ್ಳಲು ನಾನು. ಅಧ್ಯಕ್ಷರು ಮೇಷ್ಟ್ರ ಜಾತಿಯವರೇ. ಅವರಿಗೆ ಅದೇ ಹೆಚ್ಚು ಉರಿ.

‘ಅಲ್ಲಾ ಮೇಷ್ಟ್ರೇ, ನಮ್ಮೋರಾಗಿ ನೀವೇ ಹಿಂಗ್ ಮಾಡುದ್ರೆ ಹೆಂಗೆ?’

‘ನಮ್ಮೋರು ಅಂದ್ರೆ ಯಾರ್ಯಾರು ಅಂತ ಒಂದು ಪಟ್ಟಿ ಕೊಡಿ ಸಾರ್. ನಾನಿದ್ದೀನೋ ಇಲ್ವೋ ನೋಡ್ತೀನಿ.’

ಪ್ರಿನ್ಸಿಪಾಲರು ಕೆಮ್ಮಿ ಕಾಗದ ಮುಂದಿಟ್ಟರು. ‘ಸಾರ್, ದೊಡ್ಡದು ಮಾಡೋದು ಬೇಡ. ಎರಡು ಸಾಲು. ಒಂದು ಸೈನು.’

ಮೇಷ್ಟ್ರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಎರಡೇ ಸಾಲಾದರೂ ಪರೀಕ್ಷೆಯ ಪೇಪರು ತಿದ್ದುವ ಹಾಗೆ ಬೆರಳಿಟ್ಟು ಓದಿದರು. ‘ಮೊದಲನೇ ಸಾಲಿಗೆ ಕಾಗದ ಬೇಕಿಲ್ಲ. ಭಾನುವಾರ ಇಬ್ಬರ ಮನೆಗೂ ಹೋಗಿ ಬಾಯಲ್ಲೇ ಹೇಳಿ ಬಂದಿದ್ದೀನಿ. ಕೇಳಿ ಬೇಕಾದ್ರೆ.’

‘ಬಂದಿದ್ರು ಸಾ’ ಎಂದರು ಮಾವ. ‘ಮಜ್ಜಿಗೆ ಕುಡ್ಕಂಡೋದ್ರು. ಬೇಜಾರಾಗಿದ್ರೆ ಬುಟ್ಬುಡಪ್ಪಾ ಅಂದ್ರು.’

‘ನಮ್ಮನೆಗೂ ಬಂದಿದ್ರು’ ಎಂದರು ಚಿಕ್ಕಪ್ಪ.

‘ಎರಡನೇ ಸಾಲಿಗೆ ನಾನು ಸೈನ್ ಹಾಕಲ್ಲ’ ಎಂದು ಮೇಷ್ಟ್ರು ಕಾಗದವನ್ನು ಹಿಂದಕ್ಕೆ ತಳ್ಳಿದರು.

ಅಧ್ಯಕ್ಷರ ದನಿ ಏರಿತು. ‘ಯಾಕ್ ಹಾಕಲ್ಲ? ಅವರವರ ಮನೆ ಪಟ ಅವರವರು ಬರೀಲಿ. ಯಾರಿಗೂ ತೊಂದ್ರೆ ಇಲ್ಲ.’

‘ಅವರವರ ಮನೆಯೊಳಗೆ ಅವರವರು ಇರೋಕೆ ಕಾಲೇಜು ಯಾಕೆ ಸಾರ್? ಮನೇಲೇ ಇರ್ಬೋದಲ್ಲ. ಈ ಹುಡುಗೀರು ನಾಳೆ ಆಸ್ಪತ್ರೇಲೋ ತಾಲ್ಲೂಕು ಆಫೀಸಲ್ಲೋ ಕುರ್ಚಿ ಮೇಲೆ ಕೂರ್ತಾರೆ. ಎದುರಿಗೆ ಬಂದು ನಿಲ್ಲೋರ ಮನೆ ಒಳಗೆ ಒಂದೇ ಒಂದ್ಸಲ ಕೂತು ಬಂದಿರ್ಲಿ. ನಾನು ಅಷ್ಟೇ ಪಾಠ ಮಾಡಿರೋದು. ಮಿಕ್ಕಿದ್ದೆಲ್ಲ ಪುಸ್ತಕದಲ್ಲಿದೆ.’

‘ಆ ಹುಡುಗಿ ಮದುವೆ ನಿಂತೋಯ್ತಲ್ಲ, ಅದಕ್ಕೇನಂತೀರಿ?’

ಮೇಷ್ಟ್ರು ಮಾವನ ಕಡೆ ತಿರುಗಿದರು. ದನಿ ತಗ್ಗಿತ್ತು. ‘ಅಪ್ಪಾ, ನಗ್ಮಾ ನಿಮ್ಮನೇಲಿ ಬೇಡ ಅನ್ನು ಅಂತ ರಕ್ಷಿತಾಗೆ ಹೇಳಿದ್ಲಾ?’

‘ಹೇಳಿಲ್ಲ ಸಾ. ಸುಮ್ನೆ ಕೇಳುದ್ಲು, ಬರ್ಕಂಡ್ಲು.’

‘ನಾನು ಹೇಳಿದ್ನಾ?’

‘ಇಲ್ಲ.’

‘ಹಂಗಾದ್ರೆ ಬೇಡ ಅಂದೋಳು ಅವಳೇ. ಅವಳ ಮಾತು ಅವಳದು. ಅದಕ್ಕೆ ನಾನು ಕ್ಷಮೆ ಕೇಳಿದ್ರೆ ಅವಳ ಬಾಯಿಂದ ಆ ಮಾತು ಕಿತ್ಕೊಂಡಂಗಾಗುತ್ತೆ.’

ಮಾವ ಟವಲು ತೆಗೆದು ಮುಖ ಒರೆಸಿಕೊಂಡರು. ಆ ಮನುಷ್ಯನನ್ನು ಕಂಡು ನನಗೂ ಸಂಕಟವಾಯಿತು; ಒಳ್ಳೆಯವರೇ, ಮೋಸದವರಲ್ಲ. ಅಧ್ಯಕ್ಷರು ಎದ್ದು ನಿಂತು, ‘ಸೈನ್ ಆಗೋವರ್ಗೂ ಪತ್ರ ಇಲ್ಲ. ಬರ್ಕೊಳ್ಳಮ್ಮ’ ಎಂದು ನನ್ನ ಕಡೆ ಕೈ ತೋರಿ ಹೊರಟರು. ಬರೆದುಕೊಂಡೆ.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಐದು ವಾರ ಕಳೆದು ಅವರು ನಿವೃತ್ತರಾದರು. ಶಾಲು, ಹಾರ, ಗುಂಪು ಫೋಟೋ ಏನೂ ಆಗಲಿಲ್ಲ. ಅಂದಿನಿಂದ ಒಂದೂವರೆ ವರ್ಷ ಪ್ರತಿ ತಿಂಗಳ ಮೊದಲ ಸೋಮವಾರ ಬಸ್ಸಿಳಿದು ಆಫೀಸಿಗೆ ಬರುತ್ತಿದ್ದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

‘ಎರಡನೇ ಸಾಲು ಹೊಡೆದುಹಾಕಿದ್ರಾ ಸಾರ್?’

‘ಇಲ್ಲ ಸಾರ್. ಅಧ್ಯಕ್ಷರು ಒಪ್ತಾ ಇಲ್ಲ.’

‘ಹಂಗಾದ್ರೆ ಬರೋ ತಿಂಗ್ಳು ಬತ್ತೀನಿ.’

ಆಮೇಲೆ ನನ್ನ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು, ಫ್ಲಾಸ್ಕಿನ ಕಾಫಿ ಕುಡಿದು, ಈ ವರ್ಷ ಯಾವ್ಯಾವ ಊರಿನ ಮಕ್ಕಳು ಸೇರಿದ್ದಾರೆ ಎಂದು ವಿಚಾರಿಸಿ ಹೋಗುತ್ತಿದ್ದರು. ಒಮ್ಮೆ ನಾನೇ ತಡೆಯಲಾರದೆ, ‘ಒಂದು ಸಹಿ ತಾನೆ ಸಾರ್, ಹಾಕಿಬಿಡಿ. ನೀವು ಹೋದ ಮೇಲೆ ಇಲ್ಲಿ ಯಾರು ಪಟ ಬರೆಸ್ತಾರೆ?’ ಎಂದೆ. ಅವರು ಲೋಟ ಕೆಳಗಿಟ್ಟರು. ‘ಬರೆಸೋಕೆ ಒಬ್ಬರು ಹೊರಟ್ರೆ, ಹಳೇ ಮೇಷ್ಟ್ರೇ ತಪ್ಪು ಅಂತ ಬರ್ಕೊಟ್ಟವ್ರೆ ನೋಡಿ ಅಂತ ಅವರ ಮುಂದೆ ಹಿಡಿಯೋಕೆ ಇವರಿಗೊಂದು ಕಾಗದ ಸಿಗುತ್ತೆ ಅಮ್ಮಾ. ಅದು ಸಿಗಬಾರದು’ ಎಂದರು.

ಕೊನೆಗೆ ಮಂಡಳಿ ಬದಲಾಗಿಯೋ ಲೆಕ್ಕಪರಿಶೋಧಕರು ಕೇಳಿಯೋ ಪತ್ರ ಸಿಕ್ಕಿತು. ಪಿಂಚಣಿ ಬರತೊಡಗಿ ಒಂದು ವರ್ಷವೂ ಆಗಿರಲಿಲ್ಲ, ಅವರು ತೀರಿಕೊಂಡರು. ಸಂತಾಪ ಸಭೆಗೆ ಮಾತಾಡಲು ಹಳೆಯ ಅಧ್ಯಕ್ಷರನ್ನೇ ಕರೆಸಿದ್ದರು. ಆ ಎರಡು ಸಾಲಿನ ಕಾಗದ ಈಗಲೂ ಕಡತದಲ್ಲಿದೆ, ಸಹಿಯ ಜಾಗ ಖಾಲಿ. ರಕ್ಷಿತಾ ಹಾಸನದಲ್ಲಿ ಬಿ.ಎಡ್. ಮುಗಿಸಿದಳು. ನಗ್ಮಾ ದೊಡ್ಡಪ್ಪನ ಇನ್ನೊಬ್ಬ ಮಗನನ್ನೇ ಮದುವೆಯಾದಳು, ಸಂತೋಷವಾಗಿಯೇ. ಮದುವೆಯ ಕಾಗದ ಹಂಚಲು ಬಂದಾಗ, ‘ನಂಗೆ ಅದು ತಪ್ಪು ಅನ್ನಿಸ್ಲೇ ಇಲ್ಲ ಮೇಡಂ, ಏನ್ ಮಾಡ್ಲಿ’ ಎಂದು ನಕ್ಕಳು. ಮದುವೆಗೆ ರಕ್ಷಿತಾ ಹಿಂದಿನ ದಿನವೇ ಹೋಗಿದ್ದಳಂತೆ.

ನನಗೆ ಮಾತ್ರ ಅವರು ಅಂದೊಡನೆ ನೆನಪಾಗುವುದು ಆ ವಿಚಾರಣೆಯ ಸಂಜೆ.

ಅಧ್ಯಕ್ಷರ ಕಾರು ಗೇಟು ದಾಟಿದ ಮೇಲೆ ಮೇಷ್ಟ್ರು ಆಫೀಸಿಗೆ ಬಂದರು. ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದರು. ಎರಡನೇ ವರ್ಷದ ಮಕ್ಕಳ ಜೋಡಿಪಟ್ಟಿ. ಐವತ್ತೆರಡು ಹೆಸರು, ಇಪ್ಪತ್ತಾರು ಜೋಡಿ, ಅವರ ಗುಂಡು ಅಕ್ಷರದಲ್ಲಿ. ‘ಇನ್ನು ಐದು ವಾರ ಇದೆಯಲ್ಲ ಅಮ್ಮಾ, ಈ ಮಕ್ಕಳದ್ದೊಂದು ಮುಗಿಸ್ಬಿಡ್ತೀನಿ. ಬೋರ್ಡಿಗೆ ಹಾಕ್ಸಿ’ ಎಂದು ಕೊಟ್ಟು, ಏನೂ ಆಗಿಲ್ಲದವರ ಹಾಗೆ ಮೇಲಿನ ಕ್ಲಾಸಿಗೆ ಹೋದರು.

ಪ್ರಿನ್ಸಿಪಾಲರು ಒಳಗಿನಿಂದಲೇ ಕೇಳಿ ಹೊರಗೆ ಬಂದರು. ‘ಅದನ್ನ ಹಾಕ್ಬೇಡಿ ಮೇಡಂ. ನನ್ನ ಸಹಿ ಇಲ್ಲದೆ ಬೋರ್ಡಿಗೆ ಏನೂ ಹೋಗ್ಬಾರದು, ರೂಲ್ ಗೊತ್ತಲ್ಲ.’

‘ಸಹಿ ಮಾಡಿ ಸಾರ್’ ಎಂದು ಪೆನ್ನು ಕೊಟ್ಟೆ.

‘ನಾನು ಮಾಡಲ್ಲ. ನೀವೂ ತಲೆ ಹಾಕ್ಬೇಡಿ. ನಿಮಗಿನ್ನೂ ಹದಿನಾಲ್ಕು ವರ್ಷ ಸರ್ವೀಸಿದೆ.’

ಅವರು ಕೋಣೆಗೆ ಹೋದರು. ನಾನು ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಮಾರ್ಕು ಏರಿಸುವುದು, ಮೊಹರು ಒತ್ತುವುದು, ಹೇಳಿದ್ದನ್ನು ಟೈಪ್ ಮಾಡುವುದು, ಇಪ್ಪತ್ತು ವರ್ಷದಿಂದ ಇದೇ ನನ್ನ ಕೆಲಸ. ಆ ಎರಡು ಸಾಲುಗಳನ್ನು ಟೈಪ್ ಮಾಡಿದ್ದೂ ಇದೇ ಕೈ. ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಒಂದೊಂದು ಜೋಡಿಯನ್ನೂ ಅವರು ಎಷ್ಟು ಯೋಚಿಸಿ ಹಾಕಿದ್ದರೆಂದು ಆ ಮಕ್ಕಳ ಅಡ್ಮಿಷನ್ ಅರ್ಜಿಗಳನ್ನೆಲ್ಲ ತುಂಬಿಸಿಕೊಂಡಿದ್ದ ನನಗಲ್ಲದೆ ಯಾರಿಗೆ ತಿಳಿಯಬೇಕು?

ಗೋಂದಿನ ಡಬ್ಬಿ ತೆಗೆದುಕೊಂಡು ಹೊರಗೆ ಹೋದೆ. ನೋಟೀಸು ಬೋರ್ಡಿನ ಗಾಜು ಸರಿಸಿ ಹಾಳೆಯ ನಾಲ್ಕು ಮೂಲೆಗೂ ಗೋಂದು ಸವರಿದೆ. ಪಿನ್ನು ಚುಚ್ಚಿದರೆ ಸುಲಭವಾಗಿ ಕಿತ್ತುಹಾಕಬಹುದು. ಅದಕ್ಕೇ ನಡುವಿಗೂ ಸವರಿ ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದೆ. ಗಾಜು ಮುಚ್ಚಿ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಅದಕ್ಕೆ ಮರುದಿನ ನಾನು ಕೇಳಬೇಕಾಗಿ ಬಂದದ್ದನ್ನು ಕೇಳಿದೆ, ಅದು ಇಲ್ಲಿ ಬೇಡ.

ನಾಲ್ಕೂವರೆಯ ಬೆಲ್ಲು ಹೊಡೆಯಿತು. ಎರಡನೇ ವರ್ಷದವರು ಇಳಿದು ಬಂದು ಬೋರ್ಡಿನ ಮುಂದೆ ಗುಂಪುಗಟ್ಟಿದರು. ತಮ್ಮ ಹೆಸರು ಹುಡುಕಿ, ಪಕ್ಕದ ಹೆಸರು ನೋಡಿ, ತಿರುಗಿ ಆ ಮುಖವನ್ನು ಗುಂಪಿನಲ್ಲಿ ಹುಡುಕತೊಡಗಿದರು. ಒಬ್ಬಳು ಹೆಗಲ ಚೀಲವನ್ನು ಎದೆಗವಚಿಕೊಂಡು ಜನರ ನಡುವೆ ನುಗ್ಗಿ, ಎರಡು ವರ್ಷದಿಂದ ಒಂದೇ ಕೋಣೆಯಲ್ಲಿ ಕೂತಿದ್ದರೂ ಮಾತಾಡಿಸದಿದ್ದ ಇನ್ನೊಬ್ಬಳ ಮುಂದೆ ಹೋಗಿ ನಿಂತಳು.

‘ಲೇ, ನಿಮ್ಮೂರಿಗೆ ಯಾವ ಬಸ್ಸೇ ಬತ್ತದೆ?’